ನಾಲ್ಕು ಪ್ಲಸ್

ಎಂಟರ್ ಒತ್ತಿದ ಮರುಕ್ಷಣವೇ ಲೈಲ್‌ನ ಕಣ್ಣಿಗೆ ತನ್ನ ತಪ್ಪು ಬಿತ್ತು.

ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ ಆಜ್ಞೆ ಅದು. ಮೊದಲು ಗಂಟಿಗೊಂದು ಹೆಸರು ಕೊಡಬೇಕು, ಆಮೇಲೆ ಫೈಲುಗಳ ಹೆಸರು. ಅವನು ಗಂಟಿನ ಹೆಸರನ್ನೇ ಮರೆತಿದ್ದ. ಯಂತ್ರಕ್ಕೇನು ಗೊತ್ತು? ಸಾಲಿನಲ್ಲಿ ಮೊದಲು ಸಿಕ್ಕ ಫೈಲನ್ನೇ ಗಂಟೆಂದುಕೊಂಡು, ಅದರೊಳಗಿದ್ದದ್ದನ್ನೆಲ್ಲ ಅಳಿಸಿ, ಮಿಕ್ಕವನ್ನು ಅಲ್ಲಿ ತುರುಕಿತು. ಅಕ್ಷರದ ಕ್ರಮದಲ್ಲಿ ಮೊದಲು ಬರುವ ಆ ಫೈಲಿನ ಹೆಸರು 'ಆರ್ಡಿತ್'.

ಆ ಹೆಸರಿನ ಹೆಂಗಸು ಪಕ್ಕದ ಕುರ್ಚಿಯಲ್ಲೇ ಕೋಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆರ್ಡಿತ್ ಕೋಲ್ಬ್, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳ ಪಟ್ಟಿ ಬರೆದವರು. ಸಸ್ಯಶಾಸ್ತ್ರ ಕಲಿಸುತ್ತಿದ್ದ ಗಂಡ ಮರ್ಲ್ ಹಿಮ ಕರಗುವ ಮೊದಲೇ ತೀರಿಕೊಂಡಿದ್ದ. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿದ್ದ ಅವನ ಖಾತೆಯನ್ನು ಶುಕ್ರವಾರ ಮುಚ್ಚುತ್ತೇವೆಂದು ಕಚೇರಿಯಿಂದ ಕಾಗದ ಬಂದಿತ್ತು. ಅದರಲ್ಲಿರುವುದನ್ನು ಫ್ಲಾಪಿಗೆ ಇಳಿಸಿಕೊಡುವವರು ಯಾರೆಂದು ಆಕೆ ಯೋಚಿಸಿದಾಗ ಹೊಳೆದದ್ದು ಲೈಲ್‌ನ ಹೆಸರು. ಅವನ ಪತ್ರಗಳ ಅಡಿಯಲ್ಲಿ ನಾಲ್ಕು ಪ್ಲಸ್ ಇತ್ತಲ್ಲ!

ಕಂಪ್ಯೂಟರಿನಲ್ಲೇ ಪತ್ರ ಬರೆದುಕೊಳ್ಳುವ ಅವರ ಚರ್ಚಾಗುಂಪಿನಲ್ಲಿ ಎಲ್ಲರೂ ಸಹಿಯ ಕೆಳಗೆ ಒಂದು ಸಾಲು ಹಾಕುತ್ತಿದ್ದರು. ಒಂದೇ ಸಾಲಿನಲ್ಲಿ ಇಡೀ ಜಾತಕ. ಬಟ್ಟೆಗೊಂದು ಅಕ್ಷರ, ಗಡ್ಡಕ್ಕೊಂದು, ಊಟಕ್ಕೊಂದು, ಮದುವೆಗೊಂದು. ಹೆಚ್ಚಿದ್ದರೆ ಪ್ಲಸ್, ಕಡಿಮೆಯಿದ್ದರೆ ಮೈನಸ್. ಯಂತ್ರಜ್ಞಾನದ ಅಕ್ಷರಕ್ಕೆ ನಾಲ್ಕು ಪ್ಲಸ್ ಹಾಕಿಕೊಂಡರೆ 'ಇಲ್ಲಿಯ ಒಡೆಯ ನಾನೇ' ಎಂದರ್ಥ. ನಿಜಕ್ಕೆ ಲೈಲ್ ಅಮುಂಡ್ಸನ್ ಎಂಬವನು ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರಿಂಟರಿಗೆ ಕಾಗದ ತುಂಬುವವನು. ಪ್ಲಸ್ಸಿಗೇನು, ಕೀಲಿ ಒತ್ತಿದರೆ ಬಿಟ್ಟಿ ಬರುತ್ತದೆ. ಆರ್ಡಿತ್ ಮಾತ್ರ ಅದೇ ಅಕ್ಷರಕ್ಕೆ ಎರಡು ಮೈನಸ್ ಹಾಕಿಕೊಂಡಿದ್ದರು. ಮರ್ಲ್ ಹೋದ ಮೇಲೆ ಮದುವೆಯ ಅಕ್ಷರದ ಮುಂದೆ ಯಾವ ಗುರುತನ್ನೂ ಇಟ್ಟಿರಲಿಲ್ಲ.

"ಆಯ್ತಾ ಮರಿ?" ಎಂದರು ಆಕೆ. "ಪಟ್ಟೀಲಿ ನನ್ನ ಹೆಸರಿಂದೊಂದು ಇತ್ತಲ್ಲ, ಅದನ್ನೊಂದು ತೆಗೆದು ತೋರಿಸು. ಆಸ್ಪತ್ರೆಗೆ ಹೋಗೋ ಹಿಂದಿನ ವಾರ ಮರ್ಲ್ ಕೂತು ಏನೋ ಕುಟ್ತಾ ಇದ್ದ. ಕೇಳಿದ್ರೆ, 'ಆಮೇಲೆ ಓದ್ಕೋ' ಅಂದಿದ್ದ."

ಲೈಲ್ ಕೀಲಿಮಣೆಯಿಂದ ಕೈ ತೆಗೆದ.

"ಅದು... ಅದು ಮೊದಲೇ ಕೆಟ್ಟುಹೋಗಿದೆ ಮಿಸೆಸ್ ಕೋಲ್ಬ್. ಡಿಸ್ಕಿಂದೇ ತೊಂದರೆ. ಬೇರೆಯವೆಲ್ಲ ಸರಿಯಾಗಿವೆ."

ಆಕೆ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. "ನಿನ್ನ ಕೈಲೇ ಆಗಲ್ಲ ಅಂದ್ರೆ ಇನ್ಯಾರ ಕೈಲಿ ಆಗತ್ತೆ, ಬಿಡು," ಎಂದು ಅವನ ಬೆನ್ನು ತಟ್ಟಿದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಇದು ನಡೆದದ್ದು ಬುಧವಾರ. ಗುರುವಾರ ಲೈಲ್ ಯಂತ್ರಗಳನ್ನು ನೋಡಿಕೊಳ್ಳುವ ವೆಂಡೆಲ್‌ನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತ. ಯಂತ್ರದಲ್ಲಿದ್ದ ಎಲ್ಲದರ ನಕಲು, ಅಳಿದ ಆ ಫೈಲಿನದೂ, ಉಳಿದಿದ್ದದ್ದು ವೆಂಡೆಲ್‌ನ ಒಂದೇ ಟೇಪಿನಲ್ಲಿ.

"ಏನಪ್ಪಾ ಒಡೆಯ," ಎಂದ ವೆಂಡೆಲ್, ತಲೆ ಎತ್ತದೆ. "ಕಾಗದ ಮುಗೀತಾ?"

"ಇಲ್ಲ, ಸುಮ್ನೆ ಕೇಳ್ದೆ. ಟೇಪಲ್ಲಿರೋ ಹೋದ ವಾರದ ನಕಲು ಯಾವಾಗಿನವರೆಗೆ ಇರತ್ತೆ?"

"ನಾಳೆ ಐದು ಗಂಟೆವರೆಗೆ. ಆಮೇಲೆ ಅದರ ಮೇಲೇ ಹೊಸದು ಬರೀತೀನಿ, ದೇವರು ಬಂದ್ರೂ ಸಿಗಲ್ಲ. ಯಾಕೆ, ಯಾವನು ಏನು ಅಳಿಸ್ಕೊಂಡ? ಆ ಗಂಟು ಕಟ್ಟೋ ಆಜ್ಞೇಲಿ ಎಡವಟ್ಟು ಮಾಡ್ಕೊಂಡ್ನಾ? ಮೊದಲ ವರ್ಷದ ಪೆದ್ದರೆಲ್ಲ ಮಾಡೋದು ಅದನ್ನೇ."

"ಯಾರೂ ಇಲ್ಲ," ಎಂದ ಲೈಲ್. ಹೊರಗೆ ಬಂದವನೇ ಸಹಿಯ ಸಾಲಿನಲ್ಲಿದ್ದ ನಾಲ್ಕೂ ಪ್ಲಸ್‌ಗಳನ್ನು ಅಳಿಸಿದ. ಅಷ್ಟಕ್ಕೇ ತಪ್ಪೊಪ್ಪಿಕೊಂಡಂತಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹೇಡಿಗಳಿಗೆ ಇಂಥ ಸಮಾಧಾನ ಬಹಳ ಸುಲಭವಾಗಿ ಸಿಗುತ್ತದೆ.

ಶುಕ್ರವಾರ ಸಂಜೆ ನಾಲ್ಕೂವರೆಗೆ ಗುಂಪಿನವರೆಲ್ಲ ಪಿಜ್ಜಾ ಅಂಗಡಿಯಲ್ಲಿ ಸೇರಿದರು. ತಿಂಗಳಿಗೊಮ್ಮೆ ಹೀಗೆ ಸೇರಿದಾಗ ಹೆಸರಿನ ಬದಲು ಅವರವರ ಸಾಲನ್ನೇ ಚೀಟಿಯಲ್ಲಿ ಬರೆದು ಎದೆಗೆ ಚುಚ್ಚಿಕೊಳ್ಳುವುದು ವಾಡಿಕೆ. ಈ ಸಲ ಚೀಟಿಗಳನ್ನು ಮಾಡಿ ತಂದವರು ಆರ್ಡಿತ್. ಜತೆಗೆ ನಿಂಬೆ ಹಣ್ಣಿನ ಮಿಠಾಯಿಯ ಡಬ್ಬಿ.

"ಬಾರೋ ಇಲ್ಲಿ," ಎಂದು ಲೈಲ್‌ನನ್ನು ಕರೆದು ಅವನ ಚೀಟಿ ತೋರಿಸಿದರು. "ಏನಿದು? ಎಲ್ಲಿ ಹೋದ್ವು ನಿನ್ನ ಪ್ಲಸ್‌ಗಳು?"

"ನನಗೆ ಅಷ್ಟೆಲ್ಲ ಬರಲ್ಲ ಮಿಸೆಸ್ ಕೋಲ್ಬ್."

"ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ!" ಆಕೆ ಮೇಜಿನ ಸುತ್ತ ಇದ್ದವರತ್ತ ತಿರುಗಿದರು. "ಒಂದು ಫೈಲು ಉಳಿಸಕ್ಕಾಗಲಿಲ್ಲ ಅಂತ ಕೊರಗ್ತಾ ಇದಾನೆ ಕಣ್ರೋ, ಪಾಪ. ಮಿಕ್ಕಿದ್ದೆಲ್ಲ ಇವನೇ ಉಳಿಸಿಕೊಟ್ಟಿದ್ದು. ಗಿಡಗಳ ಪಟ್ಟಿ, ಪಾಠದ ಟಿಪ್ಪಣಿ, ಎಲ್ಲ."

ಚೀಲ ತಡಕಿ ಪೆನ್ಸಿಲ್ ತೆಗೆದರು. ಲೈಲ್ ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಮೂರು ನಿಮಿಷ. ಕೌಂಟರಿನ ಮೇಲೆ ಫೋನಿತ್ತು, ವೆಂಡೆಲ್‌ನ ನಂಬರು ಅವನಿಗೆ ಬಾಯಿಪಾಠ.

"ಮಿಸೆಸ್ ಕೋಲ್ಬ್, ಆ ಫೈಲು..."

"ಹೇಳು ಮರಿ."

ಎಲ್ಲರೂ ಅವನನ್ನೇ ನೋಡುತ್ತಿದ್ದರು, ಎಲ್ಲರ ಎದೆಯ ಮೇಲೂ ಒಂದೊಂದು ಸಾಲು.

"ಏನಿಲ್ಲ," ಎಂದ.

ಆಕೆ ಕನ್ನಡಕ ಸರಿಮಾಡಿಕೊಂಡು, ಪಟ್ಟಿ ಬರೆಯುವವರ ದುಂಡಗಿನ ಕೈಯಲ್ಲಿ, ಅವನ ಚೀಟಿಯ ಮೇಲೆ ಪ್ಲಸ್‌ಗಳನ್ನು ಎಣಿಸುತ್ತ ಬರೆಯತೊಡಗಿದರು. ಒಂದು. ಎರಡು. ನಡುವೆ ಯಾರೋ ಮಿಠಾಯಿ ಕೇಳಿದರು. ಡಬ್ಬಿ ತೆರೆದುಕೊಟ್ಟು, ಬೆರಳು ಒರೆಸಿಕೊಂಡು ಮತ್ತೆ ಕೂತರು. ಮೂರು. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ದಾಟಿತು.

"ನಾಲ್ಕು," ಎಂದು ಆಕೆ ಎದ್ದು, ಚೀಟಿಯನ್ನು ತಾವೇ ಅವನ ಅಂಗಿಗೆ ಚುಚ್ಚಿದರು. ಪಿನ್ನು ಮೈಗೆ ತಾಗದಂತೆ ಬಟ್ಟೆಯ ಒಳಗೆ ಎರಡು ಬೆರಳು ಅಡ್ಡ ಹಿಡಿದಿದ್ದರು.