ಹದಿನಾಲ್ಕನೇ ಕಲಂ

ಮನುಷ್ಯ ಪ್ರಾಯಕ್ಕೆ ಬಂದನೆಂದು ಹೇಳುವುದು ಯಾವಾಗ ಎಂಬ ಪ್ರಶ್ನೆಗೆ ತತ್ತ್ವಜ್ಞಾನಿಗಳು, ವಕೀಲರು, ಹೆಣ್ಣು ಹೆತ್ತವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಿಜವಾದ ಉತ್ತರ ಇದ್ದದ್ದು ಅಂಗವಿಕಲರ ವಿಶೇಷ ಶಾಲೆಯ ಹಿಂದಿನ ಕೋಣೆಯ ಗಾಜಿನ ಬೀರುವಿನಲ್ಲಿ. ಕಪ್ಪು ಚರ್ಮದ, ಬಲಗಾಲಿನ, ಒಂದೇ ಒಂದು ಶೂ. ಅದರ ದಾರ ಕಟ್ಟಬಲ್ಲವರು ದೊಡ್ಡವರು. ಕಟ್ಟಲಾರದವರು, ಮೀಸೆ ಬಂದಿರಲಿ ಸೀರೆ ಉಟ್ಟಿರಲಿ, ಮಕ್ಕಳು.

'ಶಾಲೆಯಿಂದ ಬದುಕಿಗೆ' ಎಂಬ ಯೋಜನೆಯ ಅರ್ಹತಾ ಪತ್ರದಲ್ಲಿ ಇಪ್ಪತ್ತು ಕಲಂಗಳಿದ್ದವು. ಹದಿನಾಲ್ಕನೆಯದು ಶೂ ದಾರ ಕಟ್ಟುವುದು. ಆ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳಲ್ಲಿ ಮೂರು ತಲೆಮಾರಿನಿಂದ ಯಾರೂ ಶೂ ಹಾಕಿದವರಲ್ಲ. ಹಾಕಿದ್ದರೆ ಚಪ್ಪಲಿ, ಅದೂ ಪಿನ್ನು ಚುಚ್ಚಿದ್ದು. ಆದರೆ ಪತ್ರ ಮೇಲಿನಿಂದ ಬಂದದ್ದು. ಮೇಲಿನಿಂದ ಬಂದದ್ದನ್ನು ತಲೆಯ ಮೇಲೆ ಹೊರಬೇಕೇ ಹೊರತು ಕಾಲಿಗೆ ಸರಿಹೊಂದುತ್ತದೆಯೇ ಎಂದು ನೋಡಬಾರದು.

"ಥೂ, ಮತ್ತೆ ಬಾಯಿ ಹಾಕಿದ್ಯಾ? ನಾಯಿನಾ ನೀನು? ನಾಳೆ ಆ ಶೀಟಿನ ಮೇಲೆ ಯಾರೋ ಮಲಗ್ಬೇಕು ಕಣೇ!"

ತರಬೇತಿ ವಿಭಾಗದ ಮೇಡಂ ಬೈದದ್ದು ಎಡಚಿಗೆ. ಹುಟ್ಟುವಾಗಲೇ ಬಲಗೈ ಮಡಚಿಕೊಂಡು ಎದೆಗೆ ಅಂಟಿದ್ದರಿಂದ ಆ ಹೆಸರು. ನಾಲಿಗೆಯೂ ನಿಧಾನ. ಮಾತು ಒಳಗೆ ಸಿದ್ಧವಾಗಿ ಬಾಗಿಲಿಗೆ ಬರುವಷ್ಟರಲ್ಲಿ ಕೇಳಿದವರು ಮುಂದಿನ ಬೀದಿಯಲ್ಲಿರುತ್ತಿದ್ದರು. ಆದರೆ ಹಾಸಿಗೆ ಬಟ್ಟೆಯೊಂದನ್ನು ಅವಳ ಮುಂದಿಟ್ಟರೆ ಅಂಚನ್ನು ಗದ್ದದ ಕೆಳಗೆ ಸಿಕ್ಕಿಸಿ, ಎಡಗೈಯಲ್ಲಿ ಬೀಸಿ, ಮೇಜಿನ ಮೂಲೆಗೆ ಹಿಡಿದು, ಇನ್ನೊಮ್ಮೆ ಬೀಸಿದಳೆಂದರೆ ನಾಲ್ಕು ಮಡಿಕೆ. ಗಂಟೆಗೆ ನಲವತ್ತು. ಹಲ್ಲು ಬೇಕಾಗುತ್ತಿದ್ದದ್ದು ದೊಡ್ಡ ಶೀಟಿಗೆ ಮಾತ್ರ.

ಬಟ್ಟೆ ಬರುತ್ತಿದ್ದದ್ದು ಲಾಡ್ಜಿನಿಂದ. ಬೆಳಿಗ್ಗೆ ಒಗೆದ ಮೂಟೆ ಬಂದರೆ ಸಂಜೆ ನಾಲ್ಕಕ್ಕೆ ವ್ಯಾನು ಬಂದು ಮಡಿಸಿದ್ದನ್ನು ಒಯ್ಯುತ್ತಿತ್ತು. ಸಂಬಳದ ಮಾತು ಇರಲಿಲ್ಲ. ಇದು ಕೆಲಸವಲ್ಲ, ತರಬೇತಿ. ಎಡಚಿ ತರಬೇತಿಯಲ್ಲಿ ಏಳನೇ ವರ್ಷದಲ್ಲಿದ್ದಳು.

"ಏಳು ವರ್ಷಕ್ಕೆ ಡಾಕ್ಟರಾಗಿ ಹೊಟ್ಟೆ ಕುಯ್ಯೋಕೆ ಬಿಡ್ತಾರೆ," ಎಂದ ಪಕ್ಕದಲ್ಲಿ ದಿಂಬಿನ ಚೀಲ ಮಡಿಸುತ್ತಿದ್ದ ರೇಡಿಯೋ. ಸೊಂಟದ ಕೆಳಗೆ ಜೀವವಿಲ್ಲದೆ ಗಾಲಿಕುರ್ಚಿಯಲ್ಲಿದ್ದ ಅವನಿಗೆ ಆ ನಷ್ಟವನ್ನೆಲ್ಲ ಬಾಯಿ ತುಂಬಿಕೊಟ್ಟಿತ್ತು. "ನಿಂಗೆ ಸಂಬಳ ಅಂತ ಒಂದು ದಿಂಬಿನ ಚೀಲ ಕೂಡ ಕೊಡಲ್ಲ ನೋಡು."

"ಏಯ್, ಬಾಯಿ ಮುಚ್ಚು. ನಿನ್ನ ವಾಲ್ಯೂಮ್ ಜಾಸ್ತಿ ಆಯ್ತು," ಎಂದರು ಮೇಡಂ.

ಎಡಚಿಗೆ ಆ ವಾರ ಇಪ್ಪತ್ತೊಂದು ತುಂಬುತ್ತಿತ್ತು. ಇಪ್ಪತ್ತೊಂದಾದ ಮೇಲೆ ತರಬೇತಿ ಇಲ್ಲ. ಪಾಸಾದವರಿಗೆ 'ಕೆಲಸಕ್ಕೆ ಅರ್ಹ' ಎಂಬ ಕಾಗದ, ಫೇಲಾದವರಿಗೆ ಆಶ್ರಯ ವಿಭಾಗ. ಆಶ್ರಯ ವಿಭಾಗವೆಂದರೆ ಇದೇ ಕೋಣೆ, ಇದೇ ಮೇಜು, ಬಾಗಿಲ ಮೇಲಿನ ಬೋರ್ಡು ಮಾತ್ರ ಬೇರೆ. ಅಲ್ಲಿ ಸಾಯುವವರೆಗೂ ಮಡಿಸಬಹುದು.

ಈ ಸಲ ಆ ಕಾಗದಕ್ಕೆ ಒಂದು ವಿಳಾಸವೂ ಇತ್ತು. ಎಡಚಿಯ ಅವ್ವ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಒಮ್ಮೆ ಬುತ್ತಿ ಕೊಡಲು ಹೋಗಿದ್ದ ಎಡಚಿ ಧೋಬಿಖಾನೆಯ ಬಾಗಿಲಲ್ಲಿ ನಿಂತು, ಒಳಗೆ ರಾಶಿ ಬಿದ್ದ ಬಟ್ಟೆ ನೋಡಲಾರದೆ, ಯಾರೂ ಹೇಳದೆಯೇ ಮಡಿಸತೊಡಗಿದ್ದಳು. ಧೋಬಿಖಾನೆಯ ಯಜಮಾನಿ ಸೊಂಟಕ್ಕೆ ಕೈಕೊಟ್ಟು ಹತ್ತು ನಿಮಿಷ ನೋಡಿದಳು.

"ಎರಡು ಕೈ ಇರೋ ನನ್ನ ಹೆಂಗಸ್ರು ಇದರ ಅರ್ಧ ಮಾಡಲ್ಲ, ಮೂದೇವಿಗಳು. ಕಾಗದ ತಗೊಂಡು ಬಾರೇ ತಾಯಿ, ಅವತ್ತೇ ಸೇರಿಸ್ಕೋತೀನಿ. ಕಾಗದ ಇಲ್ದಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಅಂದಿನಿಂದ ಮನೆಯಲ್ಲಿ ಅಭ್ಯಾಸ. ಯಾವುದೋ ರೋಗಿ ಮಂಚದ ಕೆಳಗೆ ಬಿಟ್ಟುಹೋದ ಶೂವನ್ನು ಅವ್ವ ತಂದಿದ್ದಳು. ಆತ ಗುಣವಾಗಿ ಹೋದನೋ ಹಾಗೆಯೇ ಹೋದನೋ ಕೇಳಲಿಲ್ಲ. ಎಡಚಿ ಅದನ್ನು ಮೊಣಕಾಲ ನಡುವೆ ಇರುಕಿ, ದಾರದ ಒಂದು ತುದಿ ಹಲ್ಲಿಗೆ, ಒಂದು ತುದಿ ಬೆರಳಿಗೆ ಕೊಟ್ಟು ಆರು ತಿಂಗಳು ಹೋರಾಡಿದಳು. ಮೊದಲ ತಿಂಗಳು ತುಟಿ ಸೀಳಿತು. ಮೂರನೆಯ ತಿಂಗಳು ಗಂಟು ಬಿತ್ತು, ಬಿಚ್ಚಲಾಗಲಿಲ್ಲ. ಆರನೆಯ ತಿಂಗಳು ಚಿಟ್ಟೆಯ ರೆಕ್ಕೆಯಂತೆ ಎರಡು ಕುಣಿಕೆ ಎದ್ದು ಕೂತವು. ಅವ್ವ ಅದನ್ನು ಬಿಚ್ಚಲು ಬಿಡದೆ ಎರಡು ದಿನ ಗೂಡಿನಲ್ಲಿಟ್ಟು ನೋಡಿದಳು.

ಪರೀಕ್ಷೆಯ ದಿನ ಅವ್ವ ಅರ್ಧ ದಿನ ರಜೆ ಹಾಕಿ ಬಂದು ಗೋಡೆಗಾತು ನಿಂತಳು. ಪರೀಕ್ಷೆ ನಡೆಸುವ ಇಲಾಖೆಯ ಸಾಹೇಬರು ಜೀಪಿನಿಂದಿಳಿದು, ಏದುಸಿರು ಬಿಡುತ್ತ, ಕುರ್ಚಿ ತುಂಬಿ ಕೂತರು. ಮೇಡಂ ಬೀರುವಿನಿಂದ ಶೂವನ್ನು ಎರಡು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು.

"ಇವಳಿಗೆ ಊಟ ಯಾರು ಮಾಡಿಸ್ತಾರೆ?" ಸಾಹೇಬರು ಕೇಳಿದ್ದು ಅವ್ವನನ್ನು.

"ಅವಳೇ ಮಾಡಿ ನಂಗೂ ಬಡಿಸ್ತಾಳೆ ಸಾಮಿ."

"ಹೇಳಿದ್ದು ಅರ್ಥ ಆಗುತ್ತಾ?"

"ಆ... ಗ..." ಎಂದು ಎಡಚಿ ಶುರುಮಾಡಿದಳು.

"ಇಲ್ಲ," ಎಂದು ಸಾಹೇಬರು ಬರೆದುಕೊಂಡರು.

"ಅವಳು ಹೇಳ್ತಾ ಇದಾಳೆ ಸಾರ್, ಸ್ವಲ್ಪ ನಿಲ್ಲಿ!" ಎಂದ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ರೇಡಿಯೋ.

"ಯಾರವನು? ನನಗೆ ಇನ್ನೂ ಎರಡು ಶಾಲೆ ಇದೆ."

ಇಷ್ಟರಲ್ಲಿ ಒಂದು ಸಂಗತಿ ನಡೆಯಿತು. ಸಾಹೇಬರ ಶೂ ದಾರ ಜೀಪಿನಿಂದ ಇಳಿಯುವಾಗಲೇ ಬಿಚ್ಚಿಕೊಂಡಿತ್ತು. ಅವರು ಕೆಳಗೆ ನೋಡಿದರು. ನಡುವೆ ಹೊಟ್ಟೆ ಇತ್ತು. ಕಾಲು ಸ್ವಲ್ಪ ಮುಂದೆ ಚಾಚಿದರು. ಜವಾನ ಓಡಿಬಂದು ಮಂಡಿಯೂರಿ ಕಟ್ಟತೊಡಗಿದ. ಸಾಹೇಬರು ಕಾಲನ್ನು ಅವನಿಗೂ ಕಣ್ಣನ್ನು ಪತ್ರಕ್ಕೂ ಕೊಟ್ಟು ಓದಿದರು:

"ಹದಿನಾಲ್ಕನೇ ಕಲಂ. ಶೂ ದಾರ ಕಟ್ಟುವುದು. ಸ್ವಾವಲಂಬನೆಗೆ ಇದು ತುಂಬಾ ಮುಖ್ಯ."

"ಸಾಹೇಬ್ರಿಗೆ ಅದ್ರಲ್ಲಿ ಎಷ್ಟು ಮಾರ್ಕು ಬಂತಂತೆ?" ಎಂದ ರೇಡಿಯೋ. ಜವಾನನ ಬೆನ್ನು ಒಮ್ಮೆ ಕುಲುಕಿತು. ಮೇಡಂ ಗಾಲಿಕುರ್ಚಿಯನ್ನು ಹೊರಗೆ ತಳ್ಳಿ ಬಾಗಿಲು ಹಾಕಿದರು.

ಎಡಚಿ ಶೂ ಎತ್ತಿ ಮೊಣಕಾಲ ನಡುವೆ ಇಟ್ಟುಕೊಂಡಳು. ಬಗ್ಗಿದಳು. ಹಲ್ಲು, ಬೆರಳು, ಹಲ್ಲು. ಜವಾನ ಕಟ್ಟಿ ಮುಗಿಸುವ ಮೊದಲೇ ಅವಳದು ಮುಗಿದಿತ್ತು. ಶೂವನ್ನು ಮೇಜಿನ ಮೇಲೆ ಸಾಹೇಬರ ಕಡೆಗೆ ಮುಖ ಮಾಡಿ ಇಟ್ಟಳು. ಎರಡು ಕುಣಿಕೆ, ಒಂದೇ ಉದ್ದ.

"ಭಲೇ!" ಎಂದರು ಸಾಹೇಬರು. ಅವರಿಗೆ ನಿಜವಾಗಿಯೇ ಸಂತೋಷವಾಗಿತ್ತು. ಟಿಕ್ ಹಾಕಲು ಪೆನ್ನೂ ಇಳಿದಿತ್ತು.

ಮೇಡಂ ಕೆಮ್ಮಿದರು. ಎಡಚಿ ಹೋದರೆ ಗಂಟೆಗೆ ನಲವತ್ತು ಹೋಗುತ್ತದೆಂಬುದು ಆ ಕೆಮ್ಮಿನಲ್ಲಿ ಇತ್ತೋ ಇಲ್ಲವೋ ಹೇಳಲಾಗದು. "ಸಾರ್, ಕಲಂ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿದೆ ನೋಡಿ."

ಸಾಹೇಬರು ಕನ್ನಡಕ ಏರಿಸಿದರು. "'ಎರಡೂ ಕೈಗಳನ್ನು ಬಳಸಿ.' ಓಹೋ. ಹಾಗಾದ್ರೆ ಕಷ್ಟ."

"ಏನ್ ಕಷ್ಟ ಸಾಮಿ? ಕಟ್ಟಿದಾಳಲ್ಲ, ಕಣ್ಣೆದುರಿಗೆ ಐತಲ್ಲ!" ಅವ್ವನ ದನಿ ಏರಿತು.

"ಕಟ್ಟಿದಾಳಮ್ಮ, ನಾನು ಇಲ್ಲ ಅಂದ್ನಾ? ನಿಯಮದ ಪ್ರಕಾರ ಕಟ್ಟಿಲ್ಲ."

"ನಿಯಮ ಬರ್ದೋನ ಕೈ ಸೇದಿಹೋಗ! ಇರೋದು ಒಂದು ಕೈ ಅಂತ ಈ ಶಾಲೆಗೆ ಸೇರಿಸ್ಕೊಂಡ್ರಿ. ಈಗ ಇನ್ನೊಂದು ಎಲ್ಲಿ ಅಂತ ಕೇಳ್ತೀರಲ್ಲ, ನಾನೇನು ಅಡವಿಟ್ಟು ಬಂದಿದೀನಾ?"

"ಆಫೀಸರ್ ಹತ್ರ ಹಿಂಗೆ ಮಾತಾಡ್ಬಾರ್ದು," ಎಂದ ಜವಾನ ಮೆಲ್ಲಗೆ. ಅವನಿಗೆ ಗೊತ್ತಿದ್ದ ನಿಯಮ ಅದೊಂದೇ.

ಕಾಗದದಲ್ಲಿ ಒಂದು ಸಾಲು ಬಿತ್ತು. ಅದರ ಮೇಲೆ ಮೊಹರು ಬಿತ್ತು. ಉಳಿದವರ ಸರದಿ ಇನ್ನೊಂದು ದಿನ ಎಂದು ಜೀಪು ಹೋಯಿತು.

"ಇರ್ಲಿ, ಅಳ್ಬೇಡ ಮರಿ," ಎಂದರು ಮೇಡಂ, ಅಳದೆ ನಿಂತಿದ್ದ ಎಡಚಿಯ ತಲೆ ಸವರುತ್ತ. "ಇಲ್ಲೇ ಇರ್ತೀಯಲ್ಲ ನಮ್ಮ ಜೊತೆ. ಹೋಗು, ಉಳಿದಿದ್ದು ಮಡಿಸು. ಮೂರೂವರೆ ಆಯ್ತು."

ಮಡಿಸುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮಡಿಸಿದ ಮುನ್ನೂರು ಶೀಟು ಅಟ್ಟಿ ಕಟ್ಟಿ ನಿಂತಿತ್ತು. ಎಡಚಿ ಕಾಗದವನ್ನು ರೇಡಿಯೋನ ಮಡಿಲಿಗೆ ಹಾಕಿದಳು.

"'ಸಹಾಯವಿದ್ದರೂ ಯಾವುದೇ ಕೆಲಸ ಮಾಡಲು ಅಸಮರ್ಥಳು,'" ಎಂದು ಅವನು ಓದಿದ.

"ಇ... ನ್ನೊಂದ್... ಸಲ."

ಅವನು ಇನ್ನೊಮ್ಮೆ ಓದಿದ. ಕೋಣೆಯಲ್ಲಿದ್ದ ಹದಿನಾಲ್ಕು ಮಂದಿಯ ಕೈ ನಿಂತಿತ್ತು. ಎಡಚಿ ಅಟ್ಟಿಯ ಮೇಲಿನ ಶೀಟನ್ನು ತೆಗೆದು, ಅಂಚು ಹಿಡಿದು, ಬೀಸಿದಳು. ಬಟ್ಟೆ ಪಟ್ಟೆಂದು ಬಿಚ್ಚಿ ನೆಲದ ಮೇಲೆ ಹರಡಿತು. ಎರಡನೆಯದು. ಮೂರನೆಯದು. ಮಡಿಸುವುದಕ್ಕಿಂತ ಬಿಚ್ಚುವುದು ಸುಲಭ. ಅದಕ್ಕೆ ತರಬೇತಿ ಬೇಕಿಲ್ಲ.

ಸದ್ದು ಕೇಳಿ ಮೇಡಂ ಓಡಿಬಂದರು. "ಏಯ್, ಹುಚ್ಚು ಹಿಡೀತಾ? ಏನು ಮಾಡ್ತಿದೀಯ?"

ಎಡಚಿ ನಿಂತು ಮಾತನ್ನು ಒಳಗಿಂದ ಎಳೆದು ತಂದಳು. ಆ ದಿನ ಯಾರಿಗೂ ಮುಂದಿನ ಬೀದಿಗೆ ಹೋಗುವ ಅವಸರವಿರಲಿಲ್ಲ.

"ಮೊ... ಹರು... ಬಿದ್ದಿದೆ... ಮೇಡಂ. ಸುಳ್... ಳಾಗ್ಬಾರ್ದು."

"ಹೌದು ಮೇಡಂ," ಎಂದ ರೇಡಿಯೋ, ಕೈ ಚಾಚಿ ದಿಂಬಿನ ಚೀಲದ ಅಟ್ಟಿಯನ್ನು ಕೆಡವುತ್ತ. "ಸರ್ಕಾರದ ಕಾಗದ. ನಾವೆಲ್ಲ ಅಸಮರ್ಥರು. ಅಸಮರ್ಥರ ಕೈಲಿ ಮಡಿಸಿದ್ರೆ ನಿಮ್ಮ ಮೇಲೇ ಕೇಸಾಗುತ್ತೆ."

ಮೂಲೆಯಲ್ಲಿ ಕೂತಿದ್ದ, ಯಾರ ಮಾತಿಗೂ ತಲೆ ಎತ್ತದ ದಪ್ಪ ಹುಡುಗಿ ಎದ್ದು ಒಂದು ಶೀಟು ಎಳೆದಳು. ಅವಳಿಗೆ ಅದು ಹಿಡಿಸಿತು. ಇನ್ನೊಂದು ಎಳೆದಳು. ಆಮೇಲೆ ಎಲ್ಲರೂ. ವ್ಯಾನಿನ ಡ್ರೈವರು ಬಾಗಿಲಲ್ಲಿ ನಿಂತು ನೋಡುವಾಗ ನೆಲ ಕಾಣುತ್ತಿರಲಿಲ್ಲ. ಮೊಣಕಾಲುದ್ದ ಬಿಳಿ ಬಟ್ಟೆ, ಅದರೊಳಗೆ ಸಿಕ್ಕಿಕೊಂಡ ಗಾಲಿಕುರ್ಚಿ, ಅದರ ಮೇಲೆ ಕೂತು ನಗುತ್ತಿದ್ದ ರೇಡಿಯೋ.

"ಇದೇನಮ್ಮಾ, ಲಾಡ್ಜಿಗೆ ಏನು ಹೇಳ್ಲಿ?" ಎಂದ ಡ್ರೈವರು.

ಎಡಚಿ ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿದ್ದಳು. ಮೇಜಿನ ಮೇಲಿದ್ದ ಶೂವಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ದಾರವನ್ನು ಒಂದೊಂದೇ ತೂತಿನಿಂದ ಎಳೆದು, ತನ್ನ ಜಡೆಯ ತುದಿಗೆ ಸುತ್ತಿ, ಒಂದು ತುದಿ ಬಾಯಲ್ಲಿ ಹಿಡಿದು ಕಟ್ಟಿದಳು. ಎರಡು ಕುಣಿಕೆ, ಒಂದೇ ಉದ್ದ. ಜಡೆಯನ್ನು ಬೆನ್ನಿಗೆ ಎಸೆದು ಅಂಗಳಕ್ಕೆ ಬಂದಳು.

ಅಲ್ಲಿ ಕಾಯುತ್ತಿದ್ದ ಅವ್ವ ಜಡೆ ನೋಡಿದಳು. "ನಡಿ," ಎಂದಳು.

ಶೂ ದಾರವಿಲ್ಲದ ಕಾರಣ ಆ ವರ್ಷ ಉಳಿದ ಹದಿನಾಲ್ಕು ಮಂದಿಯ ಪರೀಕ್ಷೆಯನ್ನು ಮುಂದೂಡಲಾಯಿತು. ಹೊಸ ದಾರಕ್ಕಾಗಿ ಮೇಲಕ್ಕೆ ಪತ್ರ ಹೋಗಿದೆ. ಲಾಡ್ಜಿನವರು ಬಟ್ಟೆ ಕಳಿಸುವುದನ್ನು ನಿಲ್ಲಿಸಿದರು. ಧೋಬಿಖಾನೆಯ ಯಜಮಾನಿ ಒಂದು ತಿಂಗಳು ಕಾದು ಆ ಜಾಗಕ್ಕೆ ಕಾಗದವಿದ್ದ ಇನ್ನೊಬ್ಬಳನ್ನು ತೆಗೆದುಕೊಂಡಳು. ಅವಳು ಎರಡೂ ಕೈಗಳನ್ನು ಬಳಸಿ ಗಂಟೆಗೆ ಹತ್ತೊಂಬತ್ತು ಮಡಿಸುತ್ತಾಳೆ.