ಹೂಗಾರರ ಮನೆಯ ಮೇಣದ ಬಿಲ್ಲೆ

ನಾನು ಒಂದು ಮೇಣದ ಬಿಲ್ಲೆ. ಹೆಬ್ಬೆರಳಿನಷ್ಟು ಅಗಲ, ಬೆನ್ನಿಗೊಂದು ಪ್ಲಾಸ್ಟಿಕ್ ಜಾಲರಿ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಂಬರು. ನೋಡಲು ಏನೇನೂ ಚೆಂದವಿಲ್ಲ. ದೀಪ ಹಚ್ಚೋಣವೆಂದರೆ ಬತ್ತಿಯೂ ಇಲ್ಲ. ಆದರೂ ಒಬ್ಬ ಮನುಷ್ಯ ನನ್ನನ್ನು ಏಳು ವರ್ಷ ಹೂವಿನಂತೆ ನೋಡಿಕೊಂಡ. ಜಂಬದ ಮಾತಲ್ಲ ಇದು, ನಡೆದದ್ದೇ ಹಾಗೆ.

ಗದಗಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹುಟ್ಟಿದೆ. ನೀಲಗಂಗವ್ವ ಹೂಗಾರ ಎಂಬಾಕೆಗೆ ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ತೆಗೆದ ಗಡ್ಡೆಯ ಒಂದು ಚೂರನ್ನು ಮೊದಲು ಮೂಗಿಗೆ ಬಡಿಯುವ ಫಾರ್ಮಲಿನ್‌ನಲ್ಲಿ ನೆನೆಹಾಕಿದರು. ಆಮೇಲೆ ಸ್ಪಿರಿಟ್ಟಿನಲ್ಲಿಟ್ಟು ಅದರ ನೀರನ್ನೆಲ್ಲ ತೆಗೆದರು. ಕೊನೆಗೆ ಸುನಂದಾ ಬಾರಕೇರ ಎಂಬ ಲ್ಯಾಬಿನ ಹೆಂಗಸು ಆ ಚೂರನ್ನು ಪುಟ್ಟ ಅಚ್ಚಿನಲ್ಲಿ ಕೂರಿಸಿ, ಮೇಲೆ ಕರಗಿದ ಮೇಣ ಹೊಯ್ದಳು. ಮೇಣ ಆರಿತು, ನಾನಾದೆ. ಲೋಕದಲ್ಲಿ ಎಲ್ಲರೂ ಹುಟ್ಟಿದ ಮೇಲೆ ಬೆಳೆಯುತ್ತಾರೆ. ನಾನು ಹುಟ್ಟಿದ ಗಳಿಗೆಯಲ್ಲೇ ನಿಂತುಬಿಟ್ಟೆ. ನನ್ನೊಳಗಿನ ಜೀವಕೋಶಗಳು ಆ ದಿನ ಹೇಗಿದ್ದವೋ ಇಂದಿಗೂ ಹಾಗೇ ಇವೆ. ಇದನ್ನು ನೆನಪಿಡಿ, ಮುಂದೆ ಜಗಳವಾದದ್ದೆಲ್ಲ ಇದಕ್ಕೇ.

ಸುನಂದಾ ನನ್ನ ಮೈಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಪದರ ಕೊಯ್ದು ಗಾಜಿನ ಮೇಲೆ ಹರಡಿದಳು. ನೋವೇನೂ ಆಗಲಿಲ್ಲ. ಇನ್ನೊಂದು ಪರೀಕ್ಷೆ ಮಾತ್ರ ಹುಬ್ಬಳ್ಳಿಯಲ್ಲೇ ಆಗಬೇಕಿತ್ತು. ನಮ್ಮ ಕಡೆ ಇಂಥದ್ದನ್ನೆಲ್ಲ ರೋಗಿಯ ಮನೆಯವರೇ ಹೊತ್ತುಕೊಂಡು ಹೋಗಬೇಕು. ನೀಲಗಂಗವ್ವನ ಗಂಡ ಫಕೀರಪ್ಪ ಬಂದ.

"ಬಿಸಲಾಗ ಇಡಬ್ಯಾಡ್ರಿ, ಮೆತ್ತಗಾಗತೈತಿ. ಜ್ವಾಕಿ" ಎಂದಳು ಸುನಂದಾ.

ಅಷ್ಟೇ ಸಾಕಾಯಿತು. ಫಕೀರಪ್ಪ ಬೆಳಗಾದರೆ ಮನೆಮನೆಗೆ ಹೂವು, ಪತ್ರಿ ಕೊಟ್ಟು ಬರುವವನು. ಬಿಸಿಲಿಗೆ ಕೆಡುವ ವಸ್ತುವನ್ನು ಹೇಗೆ ಕಾಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನನ್ನು ಬಾಳೆ ಎಲೆಯಲ್ಲಿ ಸುತ್ತಿದ, ಮೇಲೆ ಒದ್ದೆ ಬಟ್ಟೆ ಹೊದಿಸಿದ, ಹೂವಿನ ಬುಟ್ಟಿಯಲ್ಲಿ ಮಲಗಿಸಿದ. ಬಸ್ಸಿನಲ್ಲಿ ಬುಟ್ಟಿಯನ್ನು ಸೀಟಿನ ಕೆಳಗೆ ಇಡಲೇ ಇಲ್ಲ. ಹುಬ್ಬಳ್ಳಿಯವರೆಗೂ ಅವನ ತೊಡೆಯ ಮೇಲೇ ಇದ್ದೆ.

ಅಲ್ಲಿ ಡಾಕ್ಟರ್ ಶಾಹಿನಾ ಮುಲ್ಲಾ ಎಲೆ ಬಿಚ್ಚಿದಾಗ ಕೋಣೆಯಲ್ಲಿ ದುಂಡುಮಲ್ಲಿಗೆ ಗಮ್ಮೆಂದಿತು. ಆಕೆ ನಕ್ಕಳು. "ಮಂದಿ ಇದನ್ನ ಗಾಡಿ ಡಿಕ್ಕಿಯೊಳಗ ಒಗದು ತರ್ತಾರ. ಮದುಮಗಳ ಹಂಗ ಕರ್ಕೊಂಡು ಬಂದವ್ರು ನೀವೊಬ್ರೇ ನೋಡ್ರಿ."

ಪರೀಕ್ಷೆಯಲ್ಲಿ ನನ್ನ ಗುಟ್ಟು ರಟ್ಟಾಯಿತು. ನನ್ನೊಳಗಿನ ಕೋಶಗಳು ಹೆಣ್ಣುಮೈಯ ಒಂದು ಹಾರ್ಮೋನನ್ನು ಕುಡಿದು ಬದುಕುವಂಥವು. ಅದು ಸಿಗದಂತೆ ಮಾಡುವ ಗುಳಿಗೆಯಿದೆ. ಮೈಯಲ್ಲಿ ಎಲ್ಲೋ ಅಡಗಿ ಉಳಿದ ಕೋಶಗಳೂ ಸೊರಗಿ ಸಾಯುತ್ತವೆ ಎಂದು ಡಾಕ್ಟರ್ ಹೇಳಿದಳು. ನನ್ನನ್ನು ಹಿಂದಕ್ಕೆ ಕೊಡುತ್ತ, "ಇಟ್ಕೊಳ್ರಿ, ಮುಂದ ಬೇಕಾಗಬಹುದು" ಎಂದಳು. ಫಕೀರಪ್ಪ ಆ ಮಾತನ್ನು ಗುರುವಾಕ್ಯದಂತೆ ಸೆರಗಿಗೆ ಕಟ್ಟಿಕೊಂಡ. ಗಂಡಸಿಗೆ ಸೆರಗೆಲ್ಲಿ ಎನ್ನಬೇಡಿ, ಹೆಗಲ ಮೇಲೆ ಟವೆಲ್ಲಿತ್ತು.

ಮನೆಯಲ್ಲಿ ನನಗೆ ಅಂಥ ಸ್ವಾಗತ ಸಿಗಲಿಲ್ಲ. ನೀಲಗಂಗವ್ವ ಮುಖ ತಿರುಗಿಸಿದಳು.

"ಮೈಯಾಗಿಂದ ಕೊಯ್ದು ತಗದದ್ದನ್ನ ಮತ್ತ ಮನಿಗೇ ತಂದಿಯಲ್ಲ. ನನ್ನ ಕಣ್ಣಿಗೆ ಬೀಳಸಬ್ಯಾಡ."

ದೇವರ ಜಗಲಿ ಬೇಡವೆಂದಾಯಿತು, ಅಡುಗೆಮನೆಯೂ ಬೇಡವೆಂದಾಯಿತು. ಕೊನೆಗೆ ಹೂವು ಕಟ್ಟುವ ಕೋಣೆಯಲ್ಲಿ, ನೀರಿನ ಹರವಿಯ ಪಕ್ಕದ ಗೂಡಿನಲ್ಲಿ ನನಗೆ ಜಾಗವಾಯಿತು. ಫಕೀರಪ್ಪ ದಿನವೂ ಹೂವಿನ ಬುಟ್ಟಿಗೆ ನೀರು ಚಿಮುಕಿಸುವಾಗ ನನ್ನ ಬಟ್ಟೆಯನ್ನೂ ತೋಯಿಸುತ್ತಿದ್ದ. ಅಷ್ಟೆಲ್ಲ ಬೇಕಾಗಿರಲಿಲ್ಲ, ನೆರಳೊಂದೇ ಸಾಕಿತ್ತು. ಆದರೆ ಅಕ್ಕರೆಗೆ ಅಳತೆ ಹೇಳುವವರು ಯಾರು? "ನಾ ಗುಳಿಗಿ ತಗೊಂಡೆನೋ ಇಲ್ಲೋ ಕೇಳೂಕಿಂತ ಮೊದ್ಲ ಅದಕ್ಕ ನೀರ ಕುಡಸ್ತಾನ" ಎಂದು ಅವಳು ಗೊಣಗುವಳು. ಕೀಮೋ ಔಷಧಕ್ಕೆ ಉದುರಿದ್ದ ಅವಳ ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ನನಗೆ ಬೆನ್ನು ಮಾಡಿ ಕೂತು ಮಾಲೆ ಕಟ್ಟುತ್ತಿದ್ದಳು. ಅವಳ ಬೆನ್ನು ನೋಡಿಯೇ ನಾನು ಅವಳ ಆರೋಗ್ಯ ತಿಳಿಯುತ್ತಿದ್ದೆ. ಬೆನ್ನು ನೆಟ್ಟಗಿದ್ದರೆ ನನಗೂ ಸಮಾಧಾನ.

ಗೂಡಿನ ಎದುರಿನ ಕಿಟಕಿಯಿಂದ ಹಿತ್ತಲಿನ ಸೇವಂತಿಗೆ ಮಡಿ ಕಾಣುತ್ತಿತ್ತು. ಎಲ್ಲವೂ ಬಿಳಿ ಹೂವು. ಒಂದೇ ತಾಯಿಗಿಡದ ಟೊಂಗೆ ಮುರಿದು ಹಚ್ಚಿ ಬೆಳೆಸಿದವು. ಒಂದು ವರ್ಷ ಅದರಲ್ಲೊಂದು ಗಿಡದ ಒಂದೇ ಟೊಂಗೆ ಹಳದಿ ಹೂ ಬಿಟ್ಟಿತು. ಫಕೀರಪ್ಪ ಅದನ್ನು ಮುರಿದು ಮೂಲೆಯಲ್ಲಿ ಹಚ್ಚಿದ, ಅದೂ ಹಳದಿಯನ್ನೇ ಬಿಟ್ಟಿತು. ಮರುವರ್ಷ ಹಿತ್ತಲಲ್ಲಿ ನೀರು ನಿಂತು ಬಿಳಿ ಗಿಡಗಳೆಲ್ಲ ಬುಡ ಕೊಳೆತು ಹೋದವು. ಅದೇಕೋ ಹಳದಿ ತಡೆದುಕೊಂಡಿತು. ಆಮೇಲೆ ಇಡೀ ಮಡಿ ಅದರದೇ ಸಂತಾನವಾಯಿತು. ನಾನು ಸುಮ್ಮನೆ ನೋಡುತ್ತಿದ್ದೆ. ನನ್ನ ಕಥೆಯೇ ಹಿತ್ತಲಲ್ಲಿ ನಡೆಯುತ್ತಿದೆಯೆಂದು ಆಗ ಹೊಳೆಯಲಿಲ್ಲ.

ಏಳನೆಯ ವರ್ಷ ನೀಲಗಂಗವ್ವನ ಬೆನ್ನು ಬಾಗಿತು. ಊಟ ಸೇರದು, ಬಲಪಕ್ಕೆಯಲ್ಲಿ ಭಾರ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದಾಗ ಯಕೃತ್ತಿನಲ್ಲಿ ಕಲೆಗಳು ಕಂಡವು. ಹಳೆಯ ಕಾಯಿಲೆ ಹೊಸ ಮನೆ ಹುಡುಕಿಕೊಂಡಿತ್ತು.

ಡಾಕ್ಟರ್ ಮುಲ್ಲಾ ಅಲ್ಲಿಂದ ಸೂಜಿಯಲ್ಲಿ ಒಂದು ಚೂರು ತೆಗೆಯಬೇಕೆಂದಳು. ಫಕೀರಪ್ಪ ಬುಟ್ಟಿಯಿಂದ ನನ್ನನ್ನು ತೆಗೆದು, ಒದ್ದೆ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟ.

"ಸೂಜಿ ಚುಚ್ಚಿದ್ರ ಕೆರಳಿ ಮೈತುಂಬ ಹರಡ್ತೈತಿ ಅಂತಾರ್ರಿ. ಅಕಿಗೆ ಮತ್ತ ತ್ರಾಸ ಕೊಡಬ್ಯಾಡ್ರಿ. ಮುಂದ ಬೇಕಾಗ್ತೈತಿ ಅಂದಿದ್ರಲ್ಲ, ಇಲ್ಲೈತಿ ನೋಡ್ರಿ. ಒಂದೀಟೂ ಕೆಟ್ಟಿಲ್ಲ. ಏನು ಕೇಳೂದೈತಿ ಇದನ್ನ ಕೇಳ್ರಿ."

ಒಂದು ಕ್ಷಣ ನನಗೆ ಹೆಮ್ಮೆಯೆನಿಸಿತು. ಮರುಕ್ಷಣವೇ ಹೆದರಿಕೆಯಾಯಿತು. ಕೇಳಿದರೆ ನಾನು ಸುಳ್ಳೇನೂ ಹೇಳುವುದಿಲ್ಲ. ಆದರೆ ನನಗೆ ಗೊತ್ತಿರುವುದು ಏಳು ವರ್ಷದ ಹಿಂದಿನ ಸತ್ಯ. ನನ್ನ ಮಾತು ನಂಬಿದರೆ ಅದೇ ಜಾತಿಯ ಗುಳಿಗೆ ಕೊಡುತ್ತಾರೆ. ಆ ಗುಳಿಗೆ ನುಂಗುತ್ತಿದ್ದಾಗಲೇ ಯಕೃತ್ತಿನಲ್ಲಿ ಬಂದು ಕೂತದ್ದು ಅದಕ್ಕೆ ಸೊಪ್ಪು ಹಾಕದೆ ಬೆಳೆಯುತ್ತದೆ. ನೀಲಗಂಗವ್ವನ ಕೈಯಲ್ಲಿದ್ದ ಅಷ್ಟಿಷ್ಟು ಸಮಯ ಹಾಗೆಯೇ ಕಳೆದುಹೋಗುತ್ತದೆ. ಬೇಡಪ್ಪ, ನನ್ನನ್ನು ನಂಬಬೇಡ ಎಂದು ಅವನಿಗೆ ಹೇಳಬೇಕೆನಿಸಿತು. ಮೇಣಕ್ಕೆ ಬಾಯಿ ಎಲ್ಲಿಯದು?

"ಇದು ಅವತ್ತಿನ ಗಡ್ಡಿರೀ" ಎಂದಳು ಡಾಕ್ಟರ್. "ಈ ಕೋಶಗಳು ಒಂದು ಎರಡಾಗುವಾಗ ತಮ್ಮೊಳಗಿನ ಬರಹ ನಕಲು ಮಾಡ್ಕೋತಾವ. ನಕಲಿನ್ಯಾಗ ತಪ್ಪು ಬೀಳ್ತಾವ. ಒಂದು ತಪ್ಪಿನಿಂದ ಯಾವುದೋ ಒಂದು ಕೋಶಕ್ಕ ಗುಳಿಗಿ ತಾಗದಂಗ ಆಗ್ತದ. ಉಳಿದವೆಲ್ಲ ಸತ್ತು ಅದೊಂದ ಬೆಳೀತದ. ಒಳಗ ಈಗ ಇರೋವು ಅದರ ಮಕ್ಕಳು ಇದ್ದಂಗ. ಅವು ಹೆಂಗದಾವ ಅಂತ ಈ ಮೇಣಕ್ಕ ಗೊತ್ತಿಲ್ಲ. ಮತ್ತ ಸೂಜಿಯಿಂದ ಹರಡೂದು ಭಾಳ ಅಂದ್ರ ಭಾಳ ಅಪರೂಪ."

ಫಕೀರಪ್ಪ ಒಪ್ಪದೆ ತಲೆ ಅಲ್ಲಾಡಿಸಿದ. ಏಳು ವರ್ಷ ನೀರು ಹಾಕಿದ್ದು ಸುಮ್ಮನೆಯೆ ಎಂಬಂತೆ ಒದ್ದೆ ಬಟ್ಟೆಯನ್ನೇ ಹಿಂಡುತ್ತ ಕೂತ. ಅವನ ಕೈ ನೋಡಿ ನನಗೆ ಸಂಕಟವಾಯಿತು.

ಪಕ್ಕದಲ್ಲೇ ಕೂತಿದ್ದ ನೀಲಗಂಗವ್ವ ಗಂಡನ ಕಡೆ ತಿರುಗಿದಳು. "ನಮ್ಮ ಹಿತ್ತಲದಾಗ ಈಗ ಯಾವ ಸೇವಂತಿಗಿ ಐತಿ?"

"ಹಳದಿ."

"ಮೊದಲ?"

"ಬಿಳಿ ಇತ್ತು. ಒಂದ ಟೊಂಗಿ ತಿರುಗಿತು. ನಿನಗೂ ಗೊತ್ತೈತೆಲ್ಲ."

"ನೀರ ನಿಂತಾಗ ಬಿಳೀದೆಲ್ಲ ಕೊಳತ್ವು, ಹಳದಿ ಉಳೀತು. ಈಗ ಯಾರರ ಬಂದು ಹೂ ಕೇಳಿದ್ರ, ಆ ಹಳೇ ಬಿಳಿ ಹೂ ಒಣಗಿಸಿ ಇಟ್ಟಿದ್ದು ತೋರಿಸಿ, ಇದ ನಮ್ಮ ತ್ವಾಟ ಅಂತೀಯೇನು?"

ಫಕೀರಪ್ಪ ಹಿಂಡುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟ. "ಹಿತ್ತಲಕ್ಕ ಹೋಗಿ ನೋಡಬೇಕು" ಎಂದ ಮೆಲ್ಲಗೆ. ಆಮೇಲೆ ಡಾಕ್ಟರ್ ಕಡೆ ತಿರುಗಿ, "ಚುಚ್ಚ್ರಿ ಹಂಗಾರ" ಎಂದ.

ಬಾಗಿಲ ಹತ್ತಿರ ಹೋದ ನೀಲಗಂಗವ್ವ ನಿಂತಳು. ನನ್ನ ಕಡೆ ನೋಡದೆಯೇ ಕೇಳಿದಳು. "ಮತ್ತ ಅದನ್ನ ಒಗದಬಿಡ್ತೀರೇನ್ರಿ? ಪಾಪ, ಇಂವಾ ಭಾಳ ಜ್ವಾಕಿ ಮಾಡ್ಯಾನ."

"ಹೂವಿನ ಬಣ್ಣ ತಿರುಗಿತು ಅಂದ್ರಲ್ಲ, ಎಲಿನೂ ತಿರುಗಿತೇನು?" ಎಂದಳು ಡಾಕ್ಟರ್.

"ಎಲಿ ಅದ ಐತ್ರಿ. ಹುಳ ಬಿದ್ರ ಎರಡಕ್ಕೂ ಒಂದ ಹುಳ" ಎಂದ ಫಕೀರಪ್ಪ.

"ನಾ ಹುಡುಕೂದು ಅದನ್ನ. ಎರಡರಾಗೂ ತಿರುಗದಂಗ ಉಳದದ್ದು ಏನದ ಅಂತ ತಿಳೀಬೇಕಂದ್ರ ಹಳೇದೂ ಬೇಕು, ಹೊಸಾದೂ ಬೇಕು."

ಹಾಗೆ ನನಗೊಬ್ಬ ತಂಗಿ ಹುಟ್ಟಿದಳು. ಯಕೃತ್ತಿನಿಂದ ತೆಗೆದ ದಾರದಂಥ ಚೂರಿನ ಸುತ್ತ ಮೇಣ ಹೊಯ್ದು ಅವಳನ್ನು ನನ್ನ ಪಕ್ಕದಲ್ಲಿ ಕೂರಿಸಿದರು. ಇಬ್ಬರನ್ನೂ ಕೊಯ್ದು ಒಳಗಿನ ಬರಹ ಓದಿದರು. ಅವಳೊಳಗೆ ನನ್ನಲ್ಲಿ ಇಲ್ಲದ ಒಂದು ತಪ್ಪಿತ್ತು. ಅವಳಿಗೆ ಹಾರ್ಮೋನೇ ಬೇಡ, ಇಲ್ಲದೆಯೂ ಬೆಳೆಯುತ್ತಾಳೆ. ಹಳೆಯ ಗುಳಿಗೆ ಅವಳ ಕೂದಲನ್ನೂ ಕೊಂಕಿಸುತ್ತಿರಲಿಲ್ಲ. ಆದರೆ ಇನ್ನೊಂದು ತಪ್ಪು ನನ್ನಲ್ಲೂ ಇತ್ತು, ಅವಳಲ್ಲೂ ಇತ್ತು. ಬುಡದಲ್ಲೇ ಆದದ್ದು, ಯಾವ ಟೊಂಗೆ ಎತ್ತ ಹೋದರೂ ಬಿಡದೆ ಬಂದದ್ದು. ಅದನ್ನೇ ಹಿಡಿಯುವ ಗುಳಿಗೆ ಇತ್ತು. ಜೊತೆಗೆ ಹೊಸ ತಪ್ಪಿಗೊಂದು ಇಂಜೆಕ್ಷನ್ನು.

"ಬೇರುಸಹಿತ ಕಿತ್ತು ಹೋಗ್ತದ ಅಂತ ನಾ ಹೇಳಂಗಿಲ್ಲ" ಎಂದಿದ್ದಳಂತೆ ಡಾಕ್ಟರ್. "ಅದು ಮತ್ತ ತಿರುಗಬಹುದು. ತಿರುಗಿದ್ರ ನಾವೂ ಮತ್ತ ನೋಡೋಣ." ಕೆಲವು ತಿಂಗಳಲ್ಲಿ ಯಕೃತ್ತಿನ ಕಲೆಗಳು ಸಣ್ಣಗಾದವು. ನೀಲಗಂಗವ್ವ ರೊಟ್ಟಿ ಕೇಳಿ ತಿನ್ನತೊಡಗಿದಳೆಂದು ಫಕೀರಪ್ಪ ಲ್ಯಾಬಿನವರಿಗೆಲ್ಲ ಹೇಳಿಕೊಂಡು ತಿರುಗಿದ.

ನಾನೀಗ ಹುಬ್ಬಳ್ಳಿಯ ಲ್ಯಾಬಿನ ಕಪಾಟಿನಲ್ಲಿದ್ದೇನೆ. ಕೊಯ್ದು ಕೊಯ್ದು ಮೈ ಸವೆದಿದೆ. ಮೂಲೆ ತಂಪಾಗಿದೆ, ಪಕ್ಕದಲ್ಲಿ ತಂಗಿಯಿದ್ದಾಳೆ. ಮುಂದೆ ಇನ್ನೊಬ್ಬಳು ಬರಬಹುದು. ಬರದಿದ್ದರೆ ಒಳ್ಳೆಯದು, ಬಂದರೆ ಜಾಗ ಮಾಡಿಕೊಡುತ್ತೇವೆ. ಒಂದು ಕಾಲದಲ್ಲಿ ನನ್ನ ಮಾತೇ ಕೊನೆಯ ಮಾತೆಂದು ಬೀಗುತ್ತಿದ್ದೆ. ಈಗ ಅರ್ಧ ಮಾತು ನನ್ನದು, ಅರ್ಧ ಅವಳದು. ಇದೇ ಹಿತ ಎನಿಸುತ್ತದೆ.

ಮೊನ್ನೆ ತಪಾಸಣೆಗೆ ಬಂದಾಗ ಇಬ್ಬರೂ ಲ್ಯಾಬಿನ ಬಾಗಿಲಿಗೆ ಬಂದರು. ಬೇಸಿಗೆಯಲ್ಲಿ ಇಲ್ಲಿ ಸೆಕೆ ಆಗುವುದಿಲ್ಲವೇ ಎಂದು ಫಕೀರಪ್ಪ ವಿಚಾರಿಸಿದ. ಏಸಿ ಇದೆಯೆಂದರೂ ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆಗ ನೀಲಗಂಗವ್ವ ಕೈ ಚಾಚಿದಳು.

"ಇಲ್ಲಿ ಕೊಡ್ರಿ, ನೋಡ್ತೀನಿ."

ಅವಳ ಮನೆಯಲ್ಲೇ ಅಷ್ಟು ವರ್ಷ ಇದ್ದರೂ ಅವಳು ನನ್ನನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು. ಹೂ ಕಟ್ಟಿ ಕಟ್ಟಿ ದಾರದ ಗೆರೆ ಬಿದ್ದ ಬೆರಳುಗಳು.

"ಇಷ್ಟ ಸಣ್ಣದೇನು ನೀನು" ಎಂದಳು.

ಅಂಗೈ ಬೆಚ್ಚಗಿತ್ತು. ಮೇಣಕ್ಕೆ ಬಿಸಿ ಆಗಿಬರುವುದಿಲ್ಲ, ನನಗೆ ಗೊತ್ತು. ಆದರೂ ಇನ್ನೊಂದು ಗಳಿಗೆ ಹಾಗೇ ಹಿಡಿದುಕೊಂಡಿರಲಿ ಎನಿಸಿತು.