ಕಲ್ಸೋಮಳ ಬಾವಿಯ ತಿಳಿನೀರು

ನೆರೆ ಇಳಿದು ಒಂಬತ್ತು ದಿನವಾಗಿತ್ತು. ಮಲೇಷ್ಯಾದ ಕೆಲಾಂತನ್ ನದಿ ಈ ಡಿಸೆಂಬರಿನಲ್ಲೂ ಪಾಸಿರ್ ಕಂದಿಸ್ ಹಳ್ಳಿಯ ಮನೆಮನೆಗೂ ನುಗ್ಗಿ, ಕರೆಯದೆ ಬಂದ ನೆಂಟನ ಹಾಗೆ ಮೂರು ದಿನ ಕೂತು, ಹೋಗುವಾಗ ಮೊಣಕಾಲುದ್ದ ಕೆಸರು ಬಿಟ್ಟುಹೋಗಿತ್ತು. ಪರಿಹಾರ ಶಿಬಿರದಿಂದ ಮರಳಿದ ಜನ ಚಾಪೆ ತೊಳೆದರು, ಗೋಡೆ ತೊಳೆದರು, ಬಾವಿ ತೊಳೆದರು.

ಬಾವಿ ತೊಳೆಯುವುದರಲ್ಲಿ ಕಲ್ಸೋಮ್ ಎಲ್ಲರಿಗಿಂತ ಮುಂದೆ. ಗಂಡ ದೆರಾಮನ್ ಪಂಪು ಹಚ್ಚಿ ಎರಡು ಸಲ ಬಾವಿ ಬರಿದು ಮಾಡಿದ, ಒಳಗಿಳಿದು ಸಿಮೆಂಟಿನ ರಿಂಗುಗಳನ್ನು ಉಜ್ಜಿದ. ಕಲ್ಸೋಮ್ ಮುಷ್ಟಿ ಗಾತ್ರದ ಪಟಿಕದ ಕಲ್ಲನ್ನು ಹಗ್ಗಕ್ಕೆ ಕಟ್ಟಿ ನೀರಿನಲ್ಲಿ ಆಡಿಸಿದಳು. ಎರಡೇ ದಿನಕ್ಕೆ ಕೆಸರು ಕೆಳಗೆ ಕುಳಿತು, ತಳದ ಮರಳು ಕಾಣುವಷ್ಟು ನೀರು ತಿಳಿಯಾಯಿತು. ಊರಿನಲ್ಲಿ ಯಾರ ಮನೆಯ ಔತಣವಾದರೂ ಶರಬತ್ತಿಗೆ ಅವಳ ಬಾವಿಯ ನೀರೇ ಆಗಬೇಕು. ಹೆಮ್ಮೆಪಡುವುದಕ್ಕೆ ಅಷ್ಟು ಸಾಲದೇ?

ಈ ಸಲ ಔತಣ ಅವಳದೇ ಮನೆಯಲ್ಲಿತ್ತು. ಮಗಳು ಹಸ್ನಿಜಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬರುವ ಶುಕ್ರವಾರ ಮಗುವಿನ ಕೂದಲು ತೆಗೆಸುವ ಶಾಸ್ತ್ರ, ಅರವತ್ತು ಜನರಿಗೆ ಕರೆ ಹೋಗಿತ್ತು. ಆದರೆ ನಿನ್ನೆಯಿಂದ ಮಗುವಿಗೆ ನೀರುನೀರಾಗಿ ಭೇದಿ. ಹಾಲು ಕುಡಿಸಿದರೆ ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕಾರಣ ಏನೆಂದು ಕಲ್ಸೋಮ್ ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

"ಸೌತೆಕಾಯಿ ಮುಟ್ಬೇಡ ಅಂತ ಬಾಯಿ ಬಡ್ಕೊಂಡೆ. ಬಾಣಂತಿ ಅಂದ್ಮೇಲೆ ನಾಲಿಗೆ ಹಿಡಿತದಲ್ಲಿರ್ಬೇಕು. ನಿನಗೆ ಥಂಡಿ ಹತ್ತಿ, ಹಾಲಿಗಿಳಿದು, ಈಗ ಪಾಪ ಆ ಕೂಸು ಅನುಭವಿಸ್ತಿದೆ."

"ಎರಡೇ ಹೋಳಮ್ಮ ತಿಂದಿದ್ದು."

"ಎರಡು ಹೋಳಾದ್ರೂ ಥಂಡಿ ಥಂಡೀನೇ."

ಹಸ್ನಿಜಾ ಗೋಡೆಯ ಕಡೆ ತಿರುಗಿ ಅತ್ತಳು. ಶಿಬಿರದ ಗದ್ದಲದಲ್ಲಿ ಅವಳ ಎದೆಹಾಲು ಕಡಿಮೆಯಾಗಿ, ಮಗುವಿಗೆ ಪುಡಿಹಾಲಿನ ಬಾಟಲಿಯೂ ಸೇರಿತ್ತು. ತನ್ನಿಂದಲೇ ಎಲ್ಲ ಕೆಟ್ಟಿತು ಎಂದು ಅವಳೂ ನಂಬತೊಡಗಿದ್ದಳು.

ಭಾನುವಾರ ಬೆಳಿಗ್ಗೆ ಹಳ್ಳಿಯ ಕ್ಲಿನಿಕ್ಕಿನ ನರ್ಸ್ ರುಹಾಯಾ ಬಾಣಂತಿಯನ್ನು ನೋಡಲು ಬಂದಳು. ಊರವರಿಗೆಲ್ಲ ಅವಳು 'ಮಿಸ್ಸಿ'. ಮಗುವನ್ನು ತೂಗಿದಳು. ಕಳೆದ ಸಲಕ್ಕಿಂತ ತೂಕ ಇಳಿದಿತ್ತು. ಬಾಟಲಿಯನ್ನು ಕೈಗೆತ್ತಿಕೊಂಡಳು.

"ಹಾಲಿನ ಪುಡಿಗೆ ಯಾವ ನೀರು ಹಾಕ್ತೀರಿ, ಮಕ್‌ಚಿಕ್?"

ಮಕ್‌ಚಿಕ್ ಎಂದರೆ ಚಿಕ್ಕಮ್ಮ. ಆ ಗೌರವ ಕಲ್ಸೋಮಳಿಗೆ ಇಷ್ಟ, ಪ್ರಶ್ನೆ ಮಾತ್ರ ಇಷ್ಟವಾಗಲಿಲ್ಲ.

"ನಮ್ಮ ಬಾವೀದೇ. ಕುದಿಸಿದ ನೀರು. ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಾ?"

"ಕುದಿಸಿದ್ದು ಆರೋದಕ್ಕೆ ಹೊತ್ತು ಬೇಕಲ್ಲ?"

"ಅಲ್ಲೀವರೆಗೂ ಮಗು ಅಳ್ತಾ ಕೂರ್ಬೇಕಾ? ಅರ್ಧ ಬಿಸಿನೀರು ಹಾಕ್ತೀನಿ, ಅರ್ಧ ಮಡಕೆ ತಣ್ಣೀರು. ಹದ ಸರಿಯಾಗತ್ತೆ."

ರುಹಾಯಾ ಬಾಟಲಿ ಕೆಳಗಿಟ್ಟಳು. "ಆ ಇನ್ನರ್ಧ ಯಾವಾಗ ಕುದೀತು, ಮಕ್‌ಚಿಕ್?"

ಸೋಲುವ ಜಾಯಮಾನ ಕಲ್ಸೋಮಳದಲ್ಲ. ರುಹಾಯಾಳ ಕೈಹಿಡಿದು ಎಳೆದುಕೊಂಡು ಹೋಗಿ ಬಾವಿ ತೋರಿಸಿದಳು.

"ನೋಡು. ಬಣ್ಣ ಕೆಟ್ಟಿಲ್ಲ, ವಾಸನೆ ಇಲ್ಲ, ರುಚಿ ಬದಲಾಗಿಲ್ಲ. ಈ ಮೂರು ಸರಿಯಿದ್ರೆ ನೀರು ಶುದ್ಧ. ಚಿಕ್ಕವಳಿದ್ದಾಗ ಕುರಾನ್ ಕಲಿಸಿದ ಗುರುಗಳು ಹೇಳಿಕೊಟ್ಟಿದ್ದು. ನಿನ್ನ ನರ್ಸ್ ಓದಿಗಿಂತ ಹಳೇದು."

"ಬೆಳ್ಳಗಿರೋದೆಲ್ಲ ಹಾಲಲ್ಲ ಮಕ್‌ಚಿಕ್. ಪಟಿಕ ಕೆಸರನ್ನ ಕೂರಿಸತ್ತೆ, ರೋಗದ ಕ್ರಿಮೀನ ಕೊಲ್ಲಲ್ಲ. ನಿಮ್ಮ ಕಕ್ಕಸಿನ ತೊಟ್ಟಿ ಎಲ್ಲಿದೆ?"

"ಅಲ್ಲೇ. ಬಾಳೆಗಿಡದ ಹಿಂದೆ. ಹದಿನೈದು ಹೆಜ್ಜೆ."

"ನೆರೆ ಬಂದಾಗ ಎರಡೂ ಮುಳುಗಿದ್ವಾ?"

"ಊರೇ ಮುಳುಗಿತ್ತಲ್ಲಮ್ಮ."

"ಮೂರು ದಿನ ಬಾವಿ ನೀರು, ತೊಟ್ಟಿ ನೀರು ಒಂದೇ ಆಗಿತ್ತು. ಅದರಲ್ಲಿ ಏನು ಉಳ್ಕೊಂಡಿದೆ ಅಂತ ನಿಮ್ಮ ಕಣ್ಣಿಗೂ ಕಾಣಲ್ಲ, ನನ್ನ ಕಣ್ಣಿಗೂ ಕಾಣಲ್ಲ. ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು. ಅದಿರ್ಲಿ, ಮೊದಲು ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಈಗಲೇ. ಇಷ್ಟು ಎಳೇ ಮಕ್ಕಳ ಮೈಯಲ್ಲಿ ನೀರು ಬೇಗ ಬತ್ತುತ್ತೆ."

ದೆರಾಮನ್ ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಹೊರಟ. ಕಲ್ಸೋಮ್ ನೇರವಾಗಿ ಮಸೀದಿಯ ಹಿರಿಯರಾದ ತೋಕ್ ಇಮಾಮರ ಅಂಗಳಕ್ಕೆ ಹೋದಳು. ಮನಸ್ಸಿನಲ್ಲಿ ಭಯ ಹೊಕ್ಕಿತ್ತು. ಅವರು ತನ್ನ ಪರವಾಗಿ ಒಂದು ಮಾತು ಹೇಳಿದರೆ ಆ ಭಯ ಹೋದೀತು ಎಂಬ ಆಸೆ. ಮುದುಕರು ಜಗಲಿಯ ಕೆಸರು ಕೆರೆಯುತ್ತಿದ್ದರು. ಅವಳ ಮಾತನ್ನು ಪೂರ್ತಿ ಕೇಳಿದರು.

"ಗುರುಗಳು ಹೇಳಿದ್ದು ಸರಿ, ಕಲ್ಸೋಮ್. ಅದು ನಮಾಜಿಗೆ ಮುಂಚೆ ಕೈಕಾಲು ತೊಳೆಯೋ ನೀರಿಗೆ ಹೇಳಿದ್ದು. ಕೂಸಿನ ಹೊಟ್ಟೆಗೆ ಹೋಗೋ ನೀರಿನ ವಿಷ್ಯ ಗೊತ್ತಿರೋರನ್ನ ಕೇಳ್ಬೇಕು. ಜೀವ ಕಾಪಾಡೋದೂ ಧರ್ಮವೇ ಅಲ್ವಾ?" ಎಂದು ಮತ್ತೆ ಕೆಸರು ಕೆರೆಯಲು ಬಾಗಿ, "ಮಸೀದಿ ಬಾವಿ ನೀರನ್ನ ನಾನು ಗುರುವಾರವೇ ಪರೀಕ್ಷೆಗೆ ಕಳಿಸಿದೆ. ನೀನೂ ಕಳಿಸು" ಎಂದರು.

ಅಲ್ಲಿಂದ ಹೊರಟ ಕಲ್ಸೋಮ್ ಕ್ಲಿನಿಕ್ಕಿಗೆ ಹೋಗಿ ಪರೀಕ್ಷೆಯ ನೀರು ತುಂಬುವ ಬಾಟಲಿ ಕೇಳಿದಳು. ಸಣ್ಣ, ಮುಚ್ಚಿದ ಬಾಟಲಿ.

"ತೊಳೀಬೇಡಿ" ಎಂದಳು ರುಹಾಯಾ.

"ಬಾಟಲಿ ತೊಳೀದೆ ನೀರು ತುಂಬೋದಾ?"

"ಅದು ಮೊದಲೇ ಕ್ರಿಮಿ ಇಲ್ಲದ ಹಾಗೆ ಮಾಡಿರೋ ಬಾಟಲಿ. ಒಳಗೆ ಬೆರಳು ತಾಗಿಸ್ಬೇಡಿ, ಮುಚ್ಚಳ ನೆಲಕ್ಕಿಡ್ಬೇಡಿ. ತುಂಬಿದ ಕೂಡ್ಲೇ ಐಸ್ ಜೊತೆ ಇಟ್ಟು ಇವತ್ತೇ ತಂದುಕೊಡಿ."

ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು. ಆ ಎರಡು ದಿನ ಕಲ್ಸೋಮ್ ಅನ್ನ ಬೇಯಿಸಿದಳು, ಉಣ್ಣಲಿಲ್ಲ. ಮಂಗಳವಾರ ಮಗು ಮನೆಗೆ ಬಂತು, ಕಣ್ಣಲ್ಲಿ ಕಳೆ ಬಂದಿತ್ತು. ಬುಧವಾರ ಪರೀಕ್ಷೆಯ ವರದಿ ಬಂತು. ಮನುಷ್ಯರ ಮಲದಿಂದ ಬರುವ ಕ್ರಿಮಿಗಳು ಬಾವಿಯ ನೀರಿನಲ್ಲಿವೆ. ಶುದ್ಧ ಮಾಡುವವರೆಗೆ ಕುಡಿಯಬಾರದು. ರುಹಾಯಾ ಓದಿ ಹೇಳುವಾಗ ಕಲ್ಸೋಮ್ ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ಮರುದಿನ ಆರೋಗ್ಯ ಇಲಾಖೆಯವರು ಬಂದು ಬಾವಿಯ ಅಗಲ, ಆಳ ಅಳೆದು, ಅದಕ್ಕೆ ತಕ್ಕಷ್ಟು ಬ್ಲೀಚಿಂಗ್ ಪುಡಿ ಕಲಸಿ ಹಾಕಿದರು. ಒಂದು ದಿನ ಬಿಟ್ಟು ನೀರನ್ನೆಲ್ಲ ಹೊರಹಾಕಬೇಕು, ಆಮೇಲೆ ಇನ್ನೊಂದು ಪರೀಕ್ಷೆ. ಅದರಲ್ಲಿ ತೇರ್ಗಡೆಯಾದ ಮೇಲೆಯೇ ಕುಡಿಯಬೇಕು ಎಂದರು.

ಶುಕ್ರವಾರ ಅರವತ್ತು ಜನವೂ ಬಂದರು. ಶರಬತ್ತಿಗೆ ಟ್ಯಾಂಕರಿನಿಂದ ತಂದ ನೀರನ್ನು ಕುದಿಸಿ ಆರಿಸಿದ್ದರು. ಪಕ್ಕದ ಮನೆಯ ಮುದುಕಿ ಸ್ಮೆಕ್ ಒಂದು ಗುಟುಕು ಕುಡಿದು ಮೂಗು ಮುರಿದಳು.

"ಇದೇನೇ, ನಿನ್ನ ಬಾವಿ ನೀರಲ್ವಾ? ಅದಿರ್ಲಿ, ತಾಯಿ ಸೌತೆಕಾಯಿ ತಿಂದು ಮಗೂಗೆ ಭೇದಿ ಹತ್ತಿತಂತೆ? ಈಗಿನ ಹುಡುಗೀರಿಗೆ ಪಥ್ಯ ಅಂದ್ರೇನು ಅಂತ್ಲೇ ಗೊತ್ತಿಲ್ಲ ಬಿಡು."

ಹಸ್ನಿಜಾ ತಲೆ ತಗ್ಗಿಸಿದಳು. ಆ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದ್ದು ಕಲ್ಸೋಮಳೇ. ಸುಮ್ಮನಿದ್ದಿದ್ದರೆ ಬಾವಿಯ ಮರ್ಯಾದೆ ಉಳಿಯುತ್ತಿತ್ತು.

"ನನ್ನ ಮಗಳದ್ದು ಒಂದು ಚೂರೂ ತಪ್ಪಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನನ್ನ ಬಾವಿ ನೀರಲ್ಲಿ ಕಕ್ಕಸಿನ ಕ್ರಿಮಿ ಇದೆ. ವರದಿ ಬಂದಿದೆ. ಆ ಹಸಿ ನೀರನ್ನ ಬಾಟಲಿಗೆ ಬೆರೆಸಿ ಮಗೂಗೆ ಕುಡಿಸಿದ್ದು ನಾನು, ಈ ಕೈಯಿಂದ. ಬೈದಿದ್ದು ಮಾತ್ರ ಇವಳನ್ನ."

ಹಸ್ನಿಜಾ ಎದ್ದು ಬಂದು ಮಗುವನ್ನು ಅಮ್ಮನ ಮಡಿಲಲ್ಲಿ ಇಟ್ಟಳು. ಸ್ಮೆಕ್ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಪರೀಕ್ಷೆಗೆ ನೀರು ತುಂಬೋ ಬಾಟಲಿ ಎಲ್ಲಿ ಕೊಡ್ತಾರೇ?"

ನಿಮ್ಮ ಊರಿನಲ್ಲೂ ನದಿ ಉಕ್ಕಿತ್ತೇ? ನಿಮ್ಮ ಬಾವಿಗೂ ನೆರೆನೀರು ನುಗ್ಗಿತ್ತೇ? ಹಾಗಿದ್ದರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ನಂಬಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ಪರೀಕ್ಷೆ ಮಾಡಿಸಿ. ವರದಿ ಬರುವ ತನಕ ಕುಡಿಯುವ ನೀರು, ಬಾಯಿ ಮುಕ್ಕಳಿಸುವ ನೀರು, ಮಗುವಿನ ಬಾಟಲಿಯ ಪ್ರತಿ ಹನಿಯೂ ಚೆನ್ನಾಗಿ ಕುದಿದು ಆರಿದ್ದಾಗಿರಲಿ. ಸೀಮೆಎಣ್ಣೆಯದೋ ಕೀಟನಾಶಕದ್ದೋ ವಾಸನೆ ಬಂದರೆ ಕುದಿಸಿಯೂ ಕುಡಿಯಬೇಡಿ; ಆ ವಿಷ ಕುದಿಸಿದರೆ ಹೋಗುವುದಿಲ್ಲ. ಬಾವಿ ನಿಮ್ಮದು, ಅದರ ನೀರು ಕುಡಿಯುವ ಕೂಸೂ ನಿಮ್ಮದೇ. ಕೂಸಿಗೆ ಭೇದಿ ಹತ್ತುವವರೆಗೆ ಕಾಯಬೇಡಿ.